ಓರೆ ತಲೆಯ ವಕೀಲ

“ಸ್ಕೂಲಂತೂ ಮುಗಿಸಲಿಲ್ಲ, ಒಂದು ನೆಟ್ಟಗಿರೋ ನಾಯಿ ಆರಿಸೋಕೂ ಬರಲ್ವಲ್ಲೋ ನಿಂಗೆ!” ಪ್ರಾಣಿಗಳ ಆಸ್ಪತ್ರೆಯಲ್ಲಿ ಕೂತಿದ್ದವರೆಲ್ಲ ಕೇಳುವ ಹಾಗೆ ಭಾವ ಅಂದ. ನನಗೆ ಮೈಯೆಲ್ಲ ಉರಿಯಿತು.

ಮೊನ್ನೆ ತಂದ ಲ್ಯಾಬ್ರಡಾರ್ ಮರಿ ಸದಾ ತಲೆ ಓರೆ ಮಾಡಿಕೊಂಡೇ ಇರುತ್ತಿತ್ತು. ನಮ್ಮ ಮಾತನ್ನೆಲ್ಲ ಗಮನವಿಟ್ಟು ಕೇಳುತ್ತದೆ ಅಂತ ಮನೆಯವರೆಲ್ಲ ಹಿಗ್ಗಿ ಹೀರೆಕಾಯಿಯಾಗಿದ್ದೆವು. ಅಕ್ಕ ಅದಕ್ಕೆ ‘ವಕೀಲ’ ಅಂತ ಹೆಸರೂ ಇಟ್ಟಿದ್ದಳು. ಇವತ್ತು ಬೆಳಿಗ್ಗೆ ಅದು ಕಿವಿ ಕೆರೆದುಕೊಂಡು ಕುಂಯ್‌ಗುಟ್ಟಿದಾಗಲೇ ಅನುಮಾನ ಬಂದದ್ದು.

ಒಳಗಿನ ಕೋಣೆಯಲ್ಲಿ ಡಾಕ್ಟರಮ್ಮ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. “ಗಾಬರಿಯಾಗೋದೇನಿಲ್ಲಪ್ಪ. ಕಿವೀಲಿ ನುಸಿ ಹುಳ ಸೇರಿದೆ, ಅದಕ್ಕೇ ತಲೆ ಓರೆ ಮಾಡ್ತಿದೆ. ಔಷಧಿ ಹಾಕಿದ್ರೆ ಹೋಗುತ್ತೆ.”

“ಜಾತಿ ನಾಯಿ ಅಂತ ಇವನಿಗೆ ಟೋಪಿ ಹಾಕಿದಾರೆ ಮೇಡಂ. ವಾಪಸ್ ಕೊಟ್ಟು ಬೇರೆ ತರೋದೇ ವಾಸಿ ಅಲ್ವಾ?” ಭಾವ ಬಿಡಲಿಲ್ಲ.

ಆಕೆ ತಲೆಯನ್ನೇ ಎತ್ತಲಿಲ್ಲ. ಔಷಧಿಯ ಪುಟ್ಟ ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡತೊಡಗಿದರು. “ಔಷಧಿ ತಣ್ಣಗಿದ್ರೆ ಬೆಚ್ಚಿಬೀಳ್ತೀಯ, ಅಲ್ವಾ ಕಂದ?” ಅಂತ ಮರಿಯನ್ನೇ ಕೇಳಿದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಆ ಕೈಗೆ ಅವಸರವಿರಲಿಲ್ಲ. ಬೆಚ್ಚಗಾದ ಹನಿ ಕಿವಿಗೆ ಬಿದ್ದಾಗ ವಕೀಲ ಮಿಸುಕಲಿಲ್ಲ. ಸಿಟ್ಟು ಬಂದರೆ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎಸೆಯುವವನು ನಾನು. ಆ ಕೈ ನೋಡುತ್ತಾ ಹಾಗೇ ನಿಂತುಬಿಟ್ಟೆ.

ಹೊರಗೆ ಬರುತ್ತಲೇ ಭಾವ ಮತ್ತೆ ಶುರು ಮಾಡಿದ. “ಏನೋ, ಯಾವಾಗ ವಾಪಸ್ ಕೊಡ್ತೀಯ?”

ಕೂತವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ನಾಲಿಗೆಯ ತುದಿಯಲ್ಲಿ ಖಾರವಾದ ಮಾತೊಂದು ಇತ್ತು. ರಾತ್ರಿಗೆ ಹಾಕಬೇಕಾದ ಔಷಧಿಯ ಬಾಟಲಿಯನ್ನು ಮುಷ್ಟಿಯೊಳಗೆ ಮುಚ್ಚಿ ಹಿಡಿದು, ವಕೀಲನನ್ನು ಎದೆಗವಚಿಕೊಂಡು ಮನೆಯ ಕಡೆ ನಡೆದೆ.