ಮೆಟ್ಟಿಲ ತಿರುವಿನ ಸೀಟು

ನಮ್ಮ ಅತ್ತೆ ಅಂಬವ್ವ ಮತ್ತು ಕೆಳಗಿನ ಮನೆಯ ಬೀಬೀಜಾನ ಖಾಲಾ ಎರಡು ವರ್ಷದಿಂದ ಕೂಗಿಕೊಂಡೇ ಮಾತಾಡುತ್ತಿದ್ದರು. ಜಗಳವೇನಿಲ್ಲ, ಮೊಣಕಾಲು ನೋವು ಅಷ್ಟೇ. ಬೈಕುಲ್ಲಾದ ಈ ಚಾಳಿನಲ್ಲಿ ನಾವಿರುವುದು ಎರಡನೇ ಮಾಳಿಗೆ, ಖಾಲಾ ಇರುವುದು ನೆಲಮಟ್ಟದಲ್ಲಿ, ನಲ್ಲಿಯ ಪಕ್ಕದ ಖೋಲಿ. ಇವರಿಗೆ ಇಳಿಯಲು ಆಗದು, ಅವರಿಗೆ ಹತ್ತಲು ಆಗದು. ಹಾಗಾಗಿ ಅತ್ತೆ ಗ್ಯಾಲರಿಯ ಕಂಬಿ ಹಿಡಿದು ನಿಂತು ಕೂಗುವುದು, ಖಾಲಾ ಹೊಸ್ತಿಲಲ್ಲಿ ಕೂತು ಮುಖ ಮೇಲೆತ್ತಿ ಉತ್ತರ ಕೊಡುವುದು. ಇಬ್ಬರೂ ವಿಜಯಪುರದ ಕಡೆಯವರು, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮದುವೆಯಾಗಿ ಮುಂಬಯಿಗೆ ಬಂದವರು. ಯಾರ ಮಗ ಕೆಲಸ ಬಿಟ್ಟ, ಯಾವ ಸೊಸೆಯ ಸಾರಿಗೆ ಉಪ್ಪು ಹೆಚ್ಚಾಯಿತು, ಎಲ್ಲವೂ ಇಡೀ ಚಾಳಿಗೆ ಗೊತ್ತಾಗುತ್ತಿತ್ತು. ಆ ಸೊಸೆ ಹೆಚ್ಚಾಗಿ ನಾನೇ ಆಗಿರುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಖಾಲಾನ ಮಗಳು ನಿಖತ ಬಂದು, ತಾಯಿಯನ್ನು ಘಾಟ್ಕೋಪರಿಗೆ, ತನ್ನ ಮನೆಗೇ ಕರೆದುಕೊಂಡು ಹೋಗುತ್ತೇನೆ ಎಂದಳು. ಅಲ್ಲಿ ಲಿಫ್ಟ್ ಇದೆ. ಸೋಮವಾರ ಸಾಮಾನಿಗೆ ಟೆಂಪೊ ಬರುವುದಿತ್ತು. ಅದನ್ನು ಕೇಳಿದ ದಿನ ಅತ್ತೆ ಊಟಕ್ಕೆ ಕೂತು, ರೊಟ್ಟಿ ಮುರಿದು ತಟ್ಟೆಯಲ್ಲೇ ಇಟ್ಟರು. ಹೋಗುವ ಮೊದಲು ಒಮ್ಮೆ ಅವಳ ಪಕ್ಕದಲ್ಲಿ ಕೂಡಬೇಕು, ಮೇಲಿಂದ ಒದರಿ ಕಳಿಸುವ ಸಂಬಂಧ ಅಲ್ಲ ನಮ್ಮದು ಎಂದರು.

ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹಿಡಿದು ಇಳಿಸೋಣ ಎಂದು ನಮ್ಮ ಮನೆಯವರು ಹೇಳಿದ್ದಕ್ಕೆ ಅತ್ತೆ ತಲೆ ಎತ್ತಲಿಲ್ಲ.

"ನಾಕ ಮಂದಿ ಹೊರೂದು ಒಮ್ಮೆ ಇದ್ದ ಐತಿ. ಈಗ್ಯಾಕ ಅವಸರ?"

ಅಲ್ಲಿಗೆ ಆ ಮಾತು ಮುಗಿಯಿತು. ಅವರು ನಿಧಾನಕ್ಕೆ ತಾವೇ ಇಳಿಯಬಲ್ಲರು, ನಡುವೆ ಕೂಡಲು ಜಾಗ ಇದ್ದರೆ. ಆದರೆ ನಮ್ಮ ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಇಟ್ಟರೆ ಹೋಗಿಬರುವವರಿಗೆ ದಾರಿಯೇ ಇರುವುದಿಲ್ಲ. ಆಗ ನನ್ನ ಮಗಳು ಸೌಮ್ಯಾ, ಗೋಡೆಗೆ ಕೂರಿಸಿ ಬೇಕಾದಾಗ ಬಿಚ್ಚುವ, ಬೇಡವಾದಾಗ ಮಡಚುವ ಎರಡು ಕಬ್ಬಿಣದ ಸೀಟು ಮಾಡುತ್ತೇನೆ ಎಂದಳು, ತಿರುವಿಗೆ ಒಂದರಂತೆ. ಅವಳು ಕಾಂದಿವಲಿಯ ಒಂದು ಕಾರ್ಖಾನೆಯಲ್ಲಿ ಗ್ರಿಲ್ಲು, ಗೇಟುಗಳ ಡ್ರಾಯಿಂಗ್ ಮಾಡುತ್ತಾಳೆ. ಅಲ್ಲೇ ವೆಲ್ಡಿಂಗ್ ಕೈ ಹತ್ತಿ, ಮನೆಗೂ ಒಂದು ಸಣ್ಣ ಮಶಿನ್ ತರಿಸಿಕೊಂಡಿದ್ದಳು. ಚಾಳಿನ ಸೆಕ್ರೆಟರಿ ಕಿಶೋರ ಹೂಂ ಎಂದರು. ಗೋಡೆಗೆ ತೂತು ಕೊರೆದು ಕೂರಿಸಲು ಗಾರೆ ಕೆಲಸದ ಮಜೀದ ಭಾನುವಾರ ಸಂಜೆ ಬರುತ್ತೇನೆಂದ. ಬೇರೆ ದಿನ ಅವನಿಗೆ ಬಿಡುವಿರಲಿಲ್ಲ.

ಭಾನುವಾರ ಬೆಳಿಗ್ಗೆ ಸೌಮ್ಯಾ ಅಂಗಳದಲ್ಲಿ ಮಶಿನ್ ಹಚ್ಚಿದಳು. ಕರೆಂಟು ಖಾಲಾನ ಮನೆಯ ಪ್ಲಗ್ಗಿನಿಂದ. ನಾನು ನಲ್ಲಿಯ ಹತ್ತಿರ ಚಾದರ ಹಿಂಡುತ್ತಿದ್ದೆ. ಮಶಿನ್ ಎಂದರೆ ಸೂಟ್‌ಕೇಸಿನಷ್ಟು ಒಂದು ಡಬ್ಬಿ. ಒಳಗೆ ತೆಳು ತಂತಿಯ ಉಂಡೆ. ಕೈಯಲ್ಲಿ ಹಿಡಿಯುವ ಗನ್ನಿನ ಕುದುರೆ ಒತ್ತಿದರೆ ಎರಡು ಪುಟ್ಟ ಚಕ್ರಗಳು ತಂತಿಯನ್ನು ನಡುವೆ ಕಚ್ಚಿ ಹಿಡಿದು, ಉದ್ದನೆಯ ಕೊಳವೆಯೊಳಗಿಂದ ಗನ್ನಿನ ಬಾಯಿಗೆ ತಳ್ಳುತ್ತವೆ. ಅಲ್ಲಿ ತಂತಿ ಕರಗಿ ಕಬ್ಬಿಣಕ್ಕೆ ಕಬ್ಬಿಣ ಕೂಡುತ್ತದೆ.

ಆ ದಿನ ತಂತಿ ಬರಲಿಲ್ಲ. ಒಂದು ಚೂರು ಬಂದು ನಿಂತಿತು, ತಡೆದು ಮತ್ತೊಂದು ಚೂರು. ಕಿಡಿ ಹಾರಿ ಆರಿತು.

"ಮಮ್ಮಿ, ಚಕ್ರ ತಿರಗತದ, ವಾಯರ್ ಅಟಕ್ ಆಗತದ," ಎಂದಳು. ಅವಳ ಕನ್ನಡ ಹಾಗೇ, ಅರ್ಧ ದಾರಿಯಲ್ಲಿ ಹಿಂದಿ ಹತ್ತಿಕೊಳ್ಳುತ್ತದೆ.

ಮೊದಲು ಗನ್ನಿನ ಬಾಯಿಯ ತಾಮ್ರದ ಟಿಪ್ ಬಿಚ್ಚಿ ನೋಡಿದಳು. ತಂತಿ ಕರಗಿ ಅಲ್ಲೇ ಅಂಟಿತ್ತು. ಹೊಸದು ಹಾಕಿದಳು, ಹಾಗೇ ಆಯಿತು. ಕೊಳವೆ ನನ್ನ ಬಕೆಟ್ಟಿನ ಸುತ್ತ ಸುರುಳಿ ಬಿದ್ದಿದೆ, ಅದಕ್ಕೇ ತಂತಿ ಉಜ್ಜುತ್ತಿದೆ ಎಂದು ಬಕೆಟ್ಟು ಸರಿಸಿ ನೆಟ್ಟಗೆ ಮಾಡಿದಳು. ಸ್ವಲ್ಪ ಸುಧಾರಿಸಿದಂತೆ ಕಂಡು ಮತ್ತೆ ನಿಂತಿತು. ಚಕ್ರಗಳನ್ನು ಬಿಗಿ ಮಾಡುವ ತಿರುಪನ್ನು ಒಂದು ಸುತ್ತು ಬಿಗಿ ಮಾಡಿದಳು. ಈಗ ತಂತಿ ಮುಂದೆ ಹೋಗಲಾರದೆ ಡಬ್ಬಿಯೊಳಗೇ ಮಡಚಿ, ಬಾಚಣಿಗೆಗೆ ಸಿಕ್ಕ ಕೂದಲಿನ ಹಾಗೆ ಗಂಟಾಯಿತು. ಕತ್ತರಿಸಿ ತೆಗೆದು, ತಿರುಪು ಸಡಿಲ ಮಾಡಿ, ಮತ್ತೆ ಮೊದಲಿಂದ. ತಂತಿಯ ದಪ್ಪಕ್ಕೆ ಸರಿಯಾದ ಗೀರೇ ಚಕ್ರದಲ್ಲಿತ್ತು. ಉಂಡೆಯೂ ಸಲೀಸಾಗಿ ಸುತ್ತುತ್ತಿತ್ತು. ದಸರೆಯ ತನಕ ಚೆನ್ನಾಗಿಯೇ ಇತ್ತು, ಆಮೇಲೆ ನಾನು ಮುಟ್ಟಿಯೇ ಇಲ್ಲ ಎಂದು ಅವಳು ಹಣೆ ಒರೆಸಿಕೊಂಡಳು.

ಮೇಲಿಂದ ಅತ್ತೆ ಕೇಳುತ್ತಲೇ ಇದ್ದರು. ಆತೇನು, ಎಷ್ಟಾತು, ಮಜೀದಗ ಏನಂತ ಹೇಳೂದು. ಕೆಳಗಿಂದ ಖಾಲಾ, ಹುಡುಗಿಗೆ ಉಸಿರು ಬಿಡಾಕ ಬಿಡ, ನಿನಗ ಹಡೆಯೂ ಮುಂದನೂ ಇಷ್ಟ ಅವಸರಿತ್ತು ಎಂದರು. ಒಂದನೇ ಮಾಳಿಗೆಯಲ್ಲಿ ಯಾರೋ ನಕ್ಕರು.

ನಾನು ಚಾದರ ಹಗ್ಗಕ್ಕೆ ಹಾಕಿ, ಕೈ ಒರೆಸಿಕೊಂಡು ಮಗಳ ಪಕ್ಕ ಕೂತೆ. ನನಗೆ ಆ ಮಶಿನ್ ತಿಳಿಯದು. ಸುಮ್ಮನೆ ಪಕ್ಕದಲ್ಲಿ ಯಾರಾದರೂ ಇರಲಿ ಎಂದು ಕೂತದ್ದು. ಅವಳು ಚಕ್ರಗಳನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿ, ಕಳೆಯಬೇಡ ಎಂದಳು. ಹಿಡಿದುಕೊಂಡೆ. ಬೆರಳಿಗೆ ಅಂಟು ಹತ್ತಿತು. ಬೆರಳಿಗೆ ಹೆಬ್ಬೆರಳು ಉಜ್ಜಿದರೆ ಎಳೆ ಎಳೆಯಾಗಿ ಬರುವ, ಹಳದಿ ಮೇಣದಂಥ ಅಂಟು, ಜತೆಗೆ ಬೂದಿಯಂಥ ಪುಡಿ. ಆ ಅಂಟನ್ನು ನಾನು ವಾರಕ್ಕೊಮ್ಮೆ ಬಿಸಿನೀರು ಹಾಕಿ ಕೆರೆಯುತ್ತೇನೆ, ನಮ್ಮ ಅಡಿಗೆಮನೆಯ ಎಣ್ಣೆ ಡಬ್ಬಿಯ ಕತ್ತಿನಲ್ಲಿ. ಕುಸುಬಿ ಎಣ್ಣೆ. ಗಾಳಿಗೆ ಬಿಟ್ಟರೆ ಒಣಗಿ ಗೋಂದಾಗುತ್ತದೆ.

ಖಾಲಾ ಕೈ ಚಾಚಿದರು. ಚಕ್ರವನ್ನು ಮೂಗಿಗೆ ಹಿಡಿದರು. ಆ ಎಣ್ಣೆ ಅವರಿಗೂ ಗೊತ್ತು. ಊರಿಂದ ಬಂದ ಗಾಣದ ಎಣ್ಣೆಯನ್ನು ಅತ್ತೆ ಮೊಣಕಾಲಿಗೆಂದು ಅವರಿಗೂ ಬಾಟಲಿಯಲ್ಲಿ ಕಳಿಸುತ್ತಾರೆ. ಖಾಲಾನ ಹೊಟ್ಟೆ ಕುಲುಕಿತು, ನಗು ಬಾಯಿಗೆ ಬರುವಷ್ಟರಲ್ಲಿ ಸೆರಗು ಒತ್ತಿಕೊಂಡರು.

ದಸರೆಯ ಖಂಡೇನವಮಿಯ ಕೆಲಸ ಇದು. ಆ ದಿನ ನಮ್ಮಲ್ಲಿ ಈಳಿಗೆ, ಕತ್ತರಿ, ಹೊಲಿಗೆ ಮಶಿನ್ ಎಲ್ಲಕ್ಕೂ ಪೂಜೆ. ಬಟ್ಟೆ ಗಿರಣಿಯಲ್ಲಿ ಸಾಂಚೆ, ಅಂದರೆ ಮಗ್ಗ, ನಡೆಸುತ್ತಿದ್ದ ಮಾವನವರು ಶೆಟ್ಟೆಪ್ಪ ಇದ್ದಾಗಿನಿಂದ ಅತ್ತೆಯದು ಒಂದು ಪದ್ಧತಿ. ಮಶಿನ್ನಿನ ಮೈಗೆ ಪೂಜೆ ಮಾಡಿದರೆ ಸಾಲದು, ತಿರುಗುವ ಗಾಲಿಗೆ ಮಾಡಬೇಕು. ಎಣ್ಣೆ ಬಿಟ್ಟು, ಅದರ ಮೇಲೆ ವಿಭೂತಿ. ಈ ಸಲ ಮೊಮ್ಮಗಳ ಹೊಸ ಡಬ್ಬಿಯನ್ನೂ ತೆರೆದು, ಗಾಲಿ ಹುಡುಕಿ, ಪ್ರೀತಿಯಿಂದ ಎಣ್ಣೆ ಬಿಟ್ಟಿದ್ದಾರೆ.

ಸೌಮ್ಯಾಳಿಗೆ ತಿಳಿಯಿತು. ಸಿಟ್ಟು ಮಾಡಿಕೊಳ್ಳಲಿಲ್ಲ, ಕಣ್ಣು ಮಾತ್ರ ಗಡಿಯಾರದ ಕಡೆ ಹೋಯಿತು. ಚಕ್ರ ಥಿನ್ನರಿನಲ್ಲಿ ತೊಳೆಯಬೇಕು, ಎಣ್ಣೆ ತಾಗಿದ ತಂತಿ ಬಿಚ್ಚಿ ಎಸೆಯಬೇಕು, ಕೊಳವೆಯೊಳಗೆ ತಂತಿ ಹಾಯುವ ಲೈನರ್ ಹೊರಗೆ ತೆಗೆದು ತೊಳೆದು ಗಾಳಿ ಹೊಡೆಸಬೇಕು. ಹೇಳುತ್ತಲೇ ಕೆಲಸಕ್ಕೆ ಕೂತಳು.

"ಯಾಕ ಎಲ್ಲಾರೂ ಸುಮ್ಮನಾದ್ರಿ?" ಮೇಲಿಂದ ಅತ್ತೆ.

ಖಾಲಾ ನನ್ನ ಮುಖ ನೋಡಿದರು. ಎಂದೂ ಬಾಯಿ ತಡೆಯದ ಅವರು ಈಗ, ನೀನೇ ಹೋಗು ಎಂದು ಕಣ್ಣಲ್ಲೇ ಮೇಲೆ ತೋರಿಸಿದರು. ಕೂಗಿ ಹೇಳಿದರೆ ಇಡೀ ಚಾಳು ಕೇಳುತ್ತದೆ. ಕುಕ್ಕರ್ ನೋಡಿ ಬರುತ್ತೇನೆಂದು ನಾನು ಮೆಟ್ಟಿಲು ಹತ್ತಿದೆ.

ಅತ್ತೆಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕೂತು, ಕಾಲು ಒತ್ತುತ್ತಾ, ನಡೆದದ್ದು ಹೇಳಿದೆ. ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು.

"ಹೊಲಿಗಿ ಮಶಿನ್ನಿಗೂ ನಾನ ಹಾಕತೇನಿ. ಅದು ನಡೀತೈತಲ್ಲ?"

"ಅದು ಜಾರಬೇಕ್ರಿ ಅತ್ತಿ. ಇದು ಹಿಡೀಬೇಕು. ಎಣ್ಣಿ ಇದ್ರ ಗಾಲಿ ತಿರಗತೈತಿ, ತಂತಿ ಅಲ್ಲೇ ನಿಲ್ಲತೈತಿ."

"ವಿಭೂತಿ?"

"ಒರಸಿದ್ವಿ."

ಅವರು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಗೋಡೆ ಕಡೆ ತಿರುಗಿ, "ಹಂಗಾರ ಬಿಡ. ದೇವರಿಗೇ ಮನಸಿಲ್ಲ. ನಾ ಇಳಿಯಾಂಗಿಲ್ಲ," ಎಂದರು.

ನನಗೆ ಹೆದರಿಕೆಯಾದದ್ದು ಇದಕ್ಕೇ. ಅವರು ಒಮ್ಮೆ ಹಾಗೆಂದರೆ ಯಾರ ಮಾತೂ ಒಳಗೆ ಇಳಿಯುವುದಿಲ್ಲ. ನಾನು ವಾದ ಮಾಡಲಿಲ್ಲ. ಕುಕ್ಕರ್ ಇಳಿಸಿ, ಬೇಳೆ ಕಡೆದು, ಒಗ್ಗರಣೆ ಹಾಕಿದೆ. ಅಷ್ಟರಲ್ಲಿ ಸೌಮ್ಯಾ ಮೂಲೆಯ ಪಂಕ್ಚರ್ ಅಂಗಡಿಯಿಂದ ಲೈನರಿಗೆ ಗಾಳಿ ಹೊಡೆಸಿಕೊಂಡು ಬಂದದ್ದು ಕೇಳಿಸಿತು. ಹೊರಗೆ ಬಂದು ಕೆಳಗೆ ನೋಡಿ, ಅತ್ತೆಯನ್ನು ಕಂಬಿಯ ತನಕ ಕೈ ಹಿಡಿದು ಕರೆತಂದೆ.

ಕೆಳಗೆ ಸೌಮ್ಯಾ ಹೊಸದಾಗಿ ತಂತಿ ಪೋಣಿಸುತ್ತಿದ್ದಳು. ಕೊಳವೆ ಎಲ್ಲೂ ಬಾಗಬಾರದೆಂದು ಹೇಳಿದ್ದಳೇನೋ, ಖಾಲಾ ಹೊಸ್ತಿಲಲ್ಲಿ ಕಾಲು ಚಾಚಿ ಕೂತು, ಅದನ್ನು ಎರಡೂ ಕೈಯಲ್ಲಿ ಅಡ್ಡಡ್ಡ ನೆಟ್ಟಗೆ ಎತ್ತಿ ಹಿಡಿದಿದ್ದರು. ಮೇಲೆ ನೋಡಲಿಲ್ಲ, ಕೊಳವೆಯ ಮೇಲೇ ಅವರ ಗಮನ. ಸೌಮ್ಯಾ ಕುದುರೆ ಒತ್ತಿದಳು. ತಂತಿ ತಡೆಯಿಲ್ಲದೆ, ಒಂದೇ ಸಮನೆ, ಮೊಳದುದ್ದ ಹೊರಗೆ ಬಂತು.

ಅತ್ತೆ ನೋಡುತ್ತ ನಿಂತರು. ಆಮೇಲೆ ಒಳಗೆ ಹೋಗಿ ವಿಭೂತಿ ಕರಡಿಗೆ ತಂದು ನನ್ನ ಕೈಗೆ ಕೊಟ್ಟರು.

"ಎಲ್ಲಿ ಹಚ್ಚಬೇಕು ಅಂತ ಆಕಿನ್ನ ಕೇಳ."

ಕೇಳಿದೆ. "ಆಯಿ, ಊಪರ್ ಊಪರ್," ಎಂದಳು ಸೌಮ್ಯಾ ಕೆಳಗಿಂದ ಅಜ್ಜಿಗೆ. "ಡಬ್ಬಿ ಮ್ಯಾಲ. ಒಳಗ ನಹೀ." ನಾನು ಇಳಿದು ಮುಚ್ಚಳದ ಮೇಲೆ ಮೂರು ಬೆರಳು ಎಳೆದು ಬಂದೆ.

ಮಧ್ಯಾಹ್ನವೆಲ್ಲ ಅಂಗಳದಲ್ಲಿ ಚರ್ ಚರ್ ಸದ್ದು. ಉರಿ ನೋಡಬೇಡಿ ಎಂದು ಖಾಲಾ ಬಾಗಿಲ ಮರೆಯಿಂದಲೇ ಎಲ್ಲರನ್ನೂ ಬೈದು ಒಳಗೆ ಕಳಿಸುತ್ತಿದ್ದರು. ಸಂಜೆ ಮಜೀದ ಸೀಟುಗಳನ್ನು ಗೋಡೆಗೆ ಕೂರಿಸಿದ. ಗಟ್ಟಿ ಇದೆಯೇ ಎಂದು ಅವನೂ ಸೌಮ್ಯಾಳೂ ಒಟ್ಟಿಗೆ ಕೂತು ನೋಡಿದರು.

ಅತ್ತೆ ಒಳ್ಳೆಯ ಇಳಕಲ್ ಸೀರೆ ಉಟ್ಟು ಹೊರಟರು. ಒಂದು ಕೈ ಕೋಲಿಗೆ, ಒಂದು ಕೈ ನನ್ನ ಹೆಗಲಿಗೆ. ಮೇಲಿನ ತಿರುವಿನಲ್ಲಿ ಕೂತು ಉಸಿರು ತಗೊಂಡರು. ಸೀಟಿನ ಅಂಚನ್ನು ಕೈಯಿಂದ ಸವರಿ ಎದ್ದರು. ಒಂದನೇ ಮಾಳಿಗೆ ದಾಟುವಾಗ ಕೆಳಗಿಂದ ಯಾರೋ ಏದುಸಿರು ಬಿಡುವುದು ಕೇಳಿಸಿತು. ಖಾಲಾ ಮೆಟ್ಟಿಲ ಕಂಬಿ ಹಿಡಿದು ಹತ್ತುತ್ತಿದ್ದರು, ಹಿಂದೆ ನಿಖತ ಬೇಡ ಬೇಡ ಎನ್ನುತ್ತಿದ್ದಳು.

"ಆಕಿ ಅಷ್ಟ ಇಳದ ಬಂದಾಳ. ನಾ ಇಷ್ಟ ಹತ್ತಲಾರೆನ?"

ಕೆಳಗಿನ ತಿರುವಿನ ಸೀಟಿನಲ್ಲಿ ಇಬ್ಬರೂ ಕೂತರು, ಒಬ್ಬರಿಗೊಬ್ಬರು ಒತ್ತಿಕೊಂಡು. ಸೌಮ್ಯಾ ಕೆಳಗಿನ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು, ತಾನು ಬೆಸೆದ ಜಾಗವನ್ನೇ ಕಣ್ಣು ಮಿಟುಕಿಸದೆ ನೋಡಿದಳು. ಅದು ಕದಲಲಿಲ್ಲ. ಅವಳು ಎದ್ದು ಹೋದಳು.

ಗ್ಯಾಲರಿ ತುಂಬ ಜನ ಬಗ್ಗಿ ನಿಂತಿದ್ದರು. ಇಬ್ಬರ ಮಾತು ಈ ಸಲ ಯಾರಿಗೂ ಕೇಳಿಸುತ್ತಿರಲಿಲ್ಲ. ನಾನು ಮೇಲೆ ಬಂದಾಗ ಪಕ್ಕದ ಖೋಲಿಯ ರೂಪಾಲಿ ನನ್ನನ್ನು ಹಿಡಿದು, ಏನು ಮಾತಾಡುತ್ತಿದ್ದಾರೆ ಎಂದು ಕೇಳಿದಳು. ನನಗೂ ಗೊತ್ತಿಲ್ಲ ಎಂದೆ. ಚಹಾ ಮಾಡಿ ಎರಡು ಕಪ್ಪು ಹಿಡಿದು ಇಳಿದೆ. ನನ್ನ ಹೆಜ್ಜೆ ಸದ್ದಿಗೆ ಇಬ್ಬರೂ ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು. ಕಪ್ಪು ಕೊಟ್ಟು, ಬೇಗ ಬೇಗ ಮೇಲೆ ಹತ್ತಿದೆ.