ಕೈಕಟ್ಟಿ ಕೂತ ಕಚೇರಿ

ನಮ್ಮ ವಿಮಾ ಕಚೇರಿಯಲ್ಲಿ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನೊಬ್ಬಳೇ ಎಂದು ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಆ ವಾರ ಕೋಪ ಬರದಿದ್ದರೆ ನಾನು ಮನುಷ್ಯಳೇ ಅಲ್ಲ.

ನನ್ನ ಪಕ್ಕದ ಮೇಜಿನವಳನ್ನು ನಾವು ಚಿಟ್ಟೆ ಎಂದು ಕರೆಯುತ್ತೇವೆ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸದು. ಮಾತೆಲ್ಲ ಕೈಯಲ್ಲೇ, ಆ ಕೈಗಳಿಗೆ ಒಂದು ಗಳಿಗೆ ಪುರುಸೊತ್ತಿಲ್ಲ. ಕೆಲಸಕ್ಕೆ ಸೇರಿದ ದಿನ ಅವಳ ಅಮ್ಮ ಬಾಗಿಲವರೆಗೂ ಬಂದು, ಇವಳನ್ನು ನಿಮ್ಮ ತಂಗಿ ಅಂದುಕೊಳ್ಳಿ ಎಂದು ನನಗೆ ಒಪ್ಪಿಸಿ ಹೋಗಿದ್ದರು. ಅಪಘಾತವಾದ ಗಾಡಿಗಳ ಫೋಟೋ ನೋಡಿ ಯಾವುದು ಹೊಸ ಪೆಟ್ಟು, ಯಾವುದು ಹಳೆಯ ತಗ್ಗು ಎಂದು ಹೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹಾಗಾಗಿ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾದಾಗ ಅವಳು ಅರ್ಜಿ ಹಾಕಿದ್ದು ನ್ಯಾಯವೇ. ಸಂದರ್ಶನ ವಿಡಿಯೋದಲ್ಲಿ. ಕೇಂದ್ರ ಕಚೇರಿಯವರು ಕೇಳಿದ್ದನ್ನು ಬೇರೊಂದು ಊರಿನಲ್ಲಿ ಕೂತ ಅನುವಾದಕಿ ಕೈಸನ್ನೆಯಲ್ಲಿ ತೋರಿಸಬೇಕು, ಚಿಟ್ಟೆಯ ಸನ್ನೆಯನ್ನು ಅವರಿಗೆ ಬಾಯಲ್ಲಿ ಹೇಳಬೇಕು.

ಅಷ್ಟರಲ್ಲೇ ನಮ್ಮ ಹಳೆಯ ಕಂಪ್ಯೂಟರ್‌ಗಳನ್ನು ಹೊತ್ತುಕೊಂಡು ಹೋಗಿ, ಮೇಜಿಗೊಂದರಂತೆ ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ ಇಟ್ಟರು. ಥಿನ್ ಕ್ಲೈಂಟ್ ಅಂತೆ. ನಿಜವಾದ ಕಂಪ್ಯೂಟರ್ ಕೇಂದ್ರ ಕಚೇರಿಯಲ್ಲಿರುತ್ತದೆ, ಅಲ್ಲಿ ತಯಾರಾದ ಚಿತ್ರವಷ್ಟೇ ತಂತಿಯಲ್ಲಿ ಹರಿದು ನಮ್ಮ ಪರದೆಗೆ ಬರುತ್ತದೆ. ಅಡುಗೆ ಅಲ್ಲಿ, ಊಟ ಇಲ್ಲಿ.

ಸಂದರ್ಶನದ ಹಿಂದಿನ ದಿನ ನಮ್ಮ ಕಚೇರಿಯ ಗಾಜಿನ ಕೋಣೆಯಲ್ಲಿ, ಅಂಥದ್ದೇ ಪೆಟ್ಟಿಗೆಯ ಮುಂದೆ ತಾಲೀಮು ನಡೆಯಿತು. ಕೇಂದ್ರ ಕಚೇರಿಯ ಹಿರಿಯರೊಬ್ಬರು ಕೇಳಿದ ಪ್ರಶ್ನೆಗಳು ಪಕ್ಕದಲ್ಲಿದ್ದ ನನಗೆ ಗಂಟೆ ಹೊಡೆದ ಹಾಗೆ ಕೇಳಿಸಿದವು. ಚಿಟ್ಟೆ ಮಾತ್ರ ತಡವರಿಸಿದಳು, ಒಂದು ಕೇಳಿದರೆ ಇನ್ನೊಂದು ಹೇಳಿದಳು. ಹಿರಿಯರು ಏನೋ ತಮಾಷೆ ಮಾಡಿದಾಗ ಎಲ್ಲರೂ ನಕ್ಕು ಮುಗಿಸಿದ ಮೇಲೆ ಇವಳೊಬ್ಬಳು ನಕ್ಕಳು, ಅದೂ ಮರ್ಯಾದೆಗೆ.

ಹೊರಗೆ ಬಂದು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು. "ಅನುವಾದಕಿಯ ಕೈ ಅರ್ಧದಲ್ಲೇ ಮಾಯ ಆಗುತ್ತೆ ಅಕ್ಕ. ಅರ್ಧ ಮಾತಿಗೆ ಏನಂತ ಉತ್ತರ ಕೊಡ್ಲಿ?"

ನಮ್ಮ ಮ್ಯಾನೇಜರ್ ಅದನ್ನು ಓದಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗಿದರು. "ಕೈಕಟ್ಟಿ ಕೂತ್ರೆ ಕೆಲಸ ಆಗುತ್ತಾ" ಎಂದು ದಿನವೂ ನಮ್ಮ ತಲೆ ತಿನ್ನುವ ಮನುಷ್ಯ ಅವರು. ಅವಳಿಗೆ ಕೇಳಿಸಲಿಲ್ಲ, ಆದರೆ ನನ್ನ ಮುಖ ಕೆಂಪಾದದ್ದು ಕಾಣಿಸಿತು. ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಟೈಪ್ ಮಾಡಿದಳು. ಸಂದರ್ಶನವನ್ನು ಸ್ವಂತ ಫೋನಿನಲ್ಲೇ ಮಾಡೋಣವೆಂದರೆ ಕಚೇರಿಯ ನಿಯಮ ಒಪ್ಪುವುದಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವ ಕೇಬಲ್ ಮಾಮನನ್ನು ಕೈಹಿಡಿದು ಎಳೆದುಕೊಂಡೇ ಬಂದೆ.

ಅವನು ಗೆಳೆಯನೊಬ್ಬನಿಗೆ ವಿಡಿಯೋ ಕರೆ ಮಾಡಿ, ಊಟ ಆಯ್ತಾ, ಮಗು ಹೇಗಿದೆ ಎಂದೆಲ್ಲ ವಿಚಾರಿಸಿ, ಎಲ್ಲ ಸರಿಯಾಗಿದೆ ಎಂದು ತೀರ್ಪು ಕೊಟ್ಟ. ನನಗೂ ಸರಿಯಾಗಿಯೇ ಕಂಡಿತು. ಆಗ ಚಿಟ್ಟೆ ಏನೂ ಟೈಪ್ ಮಾಡಲಿಲ್ಲ. ಸುಮ್ಮನೆ ಕೈ ಚಾಚಿ ಧ್ವನಿಯನ್ನು ಪೂರ್ತಿ ಇಳಿಸಿ, ಮುಂದುವರಿಸಿ ಎಂದು ಸನ್ನೆ ಮಾಡಿದಳು.

ಗೆಳೆಯನ ಬಾಯಿ ತೆರೆದಿತ್ತು, ನೋಡನೋಡುತ್ತಲೇ ಮುಚ್ಚಿತ್ತು, ನಡುವೆ ಏನಾಯಿತೋ ದೇವರೇ ಬಲ್ಲ. ಕೆನ್ನೆಯ ಮೇಲಿದ್ದ ಕೈ ಇದ್ದಕ್ಕಿದ್ದಂತೆ ಮೇಜಿನ ಮೇಲಿತ್ತು. ಕೇಬಲ್ ಮಾಮನ ಮುಖ ಪೆಚ್ಚಾಯಿತು.

"ನಾನು ಇಷ್ಟು ದಿನ ವಿಡಿಯೋನ ಕಿವಿಯಿಂದ ನೋಡ್ತಿದ್ದೆ ಅಕ್ಕ" ಎಂದ.

ತಂತಿಯಲ್ಲಿ ಮೊದಲ ಜಾಗ ಧ್ವನಿಗೆ, ಆಮೇಲೆ ಅಕ್ಷರಕ್ಕೆ, ಉಳಿದರೆ ಚಿತ್ರದ ಚಲನೆಗೆ. ಆ ಏರ್ಪಾಡು ಮಾಡಿದವರಿಗೆಲ್ಲ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಅವನು ಕೇಂದ್ರ ಕಚೇರಿಯವರೊಂದಿಗೆ ಜಗಳವಾಡಿ, ಗಾಜಿನ ಕೋಣೆಯ ಪೆಟ್ಟಿಗೆಗೆ ಚಲನೆಯನ್ನೇ ಮೊದಲು ಮಾಡಿಸಿದ. ಆದರೂ ಚಿತ್ರ ಮುಗ್ಗರಿಸುತ್ತಿತ್ತು. ನಮ್ಮ ಇಡೀ ಕಚೇರಿಗೆ ಇರುವುದು ಒಂದೇ ತಂತಿ. ಯಾರ ಪರದೆಯ ಮೇಲೆ ಏನು ಅಲುಗಿದರೂ ಅದು ಅದೇ ತಂತಿಯಲ್ಲಿ ಬರಬೇಕು. ಅಲುಗದಿದ್ದರೆ ಏನೂ ಬರಬೇಕಾಗಿಲ್ಲ.

ನಾನು ಮ್ಯಾನೇಜರನ್ನು ಕರೆದು, ಈ ತಂತಿಯ ಕಥೆಯೆಲ್ಲ ಹೇಳಿ, ಆ ಮೂಕ ಪರದೆಯ ಮುಂದೆ ಕೂರಿಸಿದೆ. ಬಹಳ ಹೊತ್ತು ನೋಡಿದರು. ನೆಲ ನಿಜಕ್ಕೂ ಡೊಂಕಿದೆ ಸಾರ್ ಎಂದೆ. ಎದ್ದು ಹೋದರು. ಇವರಿಂದ ಏನೂ ಆಗದು ಎಂದುಕೊಂಡೆ.

ಮರುದಿನ ಚಿಟ್ಟೆ ಗಾಜಿನ ಕೋಣೆಗೆ ಹೋದ ಕೂಡಲೇ ಅವರು ಸಾಲುಗಳ ನಡುವೆ ಬಂದು ನಿಂತರು.

"ಅವಳ ಸಂದರ್ಶನ ಮುಗಿಯೋವರೆಗೂ ಯಾರೂ ಏನೂ ಮುಟ್ಟಬೇಡಿ. ಕೈಕಟ್ಟಿ ಕೂತ್ಕೊಳ್ಳಿ. ನಾನೂ ಕೂರ್ತೀನಿ."

ಕೂತರು. ನಾವೂ ಕೂತೆವು. ಪರದೆಗಳ ಮೇಲೆ ಅರ್ಧ ತುಂಬಿದ ಲೆಕ್ಕ, ನುಜ್ಜುಗುಜ್ಜಾದ ಗಾಡಿ, ಎಲ್ಲವೂ ನಿಂತಲ್ಲೇ ನಿಂತವು. ಅಭ್ಯಾಸಬಲದಿಂದ ಮೌಸ್ ಕಡೆಗೆ ಕೈ ಚಾಚಿದವನೊಬ್ಬನನ್ನು ನಾನು ದುರುಗುಟ್ಟಿ ನೋಡಿದೆ, ಬೆರಳು ಸುಟ್ಟವನ ಹಾಗೆ ಹಿಂದೆಳೆದುಕೊಂಡ. ಇಡೀ ಕಚೇರಿಯಲ್ಲಿ ಆಡುತ್ತಿದ್ದದ್ದು ಗಾಜಿನಾಚೆಯ ಅವಳ ಕೈಗಳು, ಪರದೆಯೊಳಗಿನ ಅನುವಾದಕಿಯ ಕೈಗಳು, ಅಷ್ಟೇ.

ಕುರ್ಚಿ ಅವಳಿಗೇ ಸಿಕ್ಕಿತು, ಆದರೆ ಆ ಸುದ್ದಿ ಬಂದದ್ದು ಆಮೇಲೆ. ನನ್ನ ಜೀವಕ್ಕೆ ಸಮಾಧಾನವಾದದ್ದು ಆ ಹಿರಿಯರು ಮತ್ತೆ ಏನೋ ತಮಾಷೆ ಮಾಡಿದಾಗ. ಪರದೆಯಲ್ಲಿದ್ದವರೆಲ್ಲ ನಕ್ಕರು. ಚಿಟ್ಟೆಯೂ ಅದೇ ಕ್ಷಣ ತಲೆ ಹಿಂದಕ್ಕೆ ಹಾಕಿ ನಕ್ಕಳು, ಅವರ ಜೊತೆಗೇ. ತಮಾಷೆ ಏನೆಂದು ಹೊರಗಿದ್ದ ನಮಗೆ ಕೇಳಿಸಲೇ ಇಲ್ಲ. ಆದರೂ ಕಚೇರಿಗೆ ಕಚೇರಿಯೇ ನಕ್ಕಿತು. ನನಗೆ ಅಳು ಬಂತು, ಒರೆಸಿಕೊಳ್ಳಲು ಕೈ ಬಿಚ್ಚಲಿಲ್ಲ.