ಬೇವಿನ ನೆರಳಲ್ಲಿ ನಿಂತವರಿಗೆ ಹಸಿರು ದೀಪವಿಲ್ಲ

ಗದಗಿನ ಹೊಸ ಸಿಗ್ನಲ್ಲಿಗೆ ಲಕ್ಕುಂಡಿ ಕಡೆಯವರನ್ನು ಕಂಡರೆ ಆಗುವುದಿಲ್ಲ ಎಂದು ಕೊಟ್ರಪ್ಪ ತೀರ್ಮಾನಿಸಿ ಎಂಟು ದಿನವಾಗಿತ್ತು. ಹದಿನೈದು ವರ್ಷದಿಂದ ಲಕ್ಕುಂಡಿ, ಗದಗಗಳ ನಡುವೆ ಟಂಟಂ ಎಂಬ ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುವವನು ಅವನು. ದಾರಿಯ ಗುಂಡಿಗಳೆಲ್ಲ ಅವನಿಗೆ ಬಾಯಿಪಾಠ. ಈ ಸಿಗ್ನಲ್ ಮಾತ್ರ ತಲೆಗೆ ಹತ್ತಿರಲಿಲ್ಲ. ಬೆಟಗೇರಿ ಕಡೆಯವರಿಗೆ ಹಸಿರು ಬಿದ್ದರೆ ಬಿದ್ದೇ ಇರುತ್ತದೆ. ಇವರಿಗೋ ಐದು ನಿಮಿಷಕ್ಕೊಮ್ಮೆ ಮಿಂಚಿದಂತೆ ಬಂದು, ನಾಲ್ಕು ಗಾಡಿ ದಾಟುವಷ್ಟರಲ್ಲಿ ಕೆಂಪಾಗುತ್ತದೆ.

ಅವತ್ತು ಟಂಟಂ ಮೇಲೆ ಮಗಳು ಮಮತಾಳ ಸೈಕಲ್ ಕಟ್ಟಿತ್ತು. ಜಿಲ್ಲಾ ಸೈಕ್ಲಿಂಗ್ ತಂಡದ ಆಯ್ಕೆ. ಹತ್ತು ಗಂಟೆಯೊಳಗೆ ಮೈದಾನದಲ್ಲಿ ಹೆಸರು ಬರೆಸಬೇಕು, ಒಂದು ನಿಮಿಷ ತಡವಾದರೂ ವಾಪಸ್. ಹೋದ ವರ್ಷ ಜ್ವರ ಬಂದು ತಪ್ಪಿತ್ತು. ಮುಂದಿನ ವರ್ಷ ವಯಸ್ಸು ಮೀರುತ್ತದೆ.

ಈಗ ಒಂಬತ್ತು ಐವತ್ತು. ಸಿಗ್ನಲ್ಲಿನಿಂದ ಮೈದಾನಕ್ಕೆ ಆರೇಳು ನಿಮಿಷ. ಒಂದು ಹಸಿರು ಕೊಟ್ರಪ್ಪನ ಮುಂದಿದ್ದ ನಾಲ್ಕು ಗಾಡಿಗಳನ್ನು ಕರೆದುಕೊಂಡು ಹೋಗಿತ್ತು. ಅವು ಹೋದದ್ದೇ ತಡ, ಅವನು ಟಂಟಂ ತಂದು ಬೇವಿನ ಗಿಡದ ನೆರಳಿಗೆ ಹಾಕಿದ್ದ. ಅಲ್ಲಿಂದ ಬಿಳಿ ಗೆರೆಯವರೆಗೆ ನಲವತ್ತು ಹೆಜ್ಜೆ ರಸ್ತೆ ಬಿಸಿಲಲ್ಲಿ ಖಾಲಿ ಬಿದ್ದಿತ್ತು. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಹೋಗಿ ಯಾರು ನಿಲ್ಲುತ್ತಾರೆ? ಮೊದಲು ಬಂದವನಿಗೆ ನೆರಳು, ಉಳಿದವರು ಅವನ ಹಿಂದೆ. ಇದು ಆ ರಸ್ತೆಯ ರೂಢಿ.

ಅಷ್ಟರಲ್ಲಿ ಸೀಟಿ ಕೇಳಿಸಿತು. ಸಿಗ್ನಲ್ ಕಾಯುವ ಗೃಹರಕ್ಷಕಿ ದುರ್ಗಾ ಕೈ ಬೀಸುತ್ತ ಇತ್ತಲೇ ಬರುತ್ತಿದ್ದಳು.

"ಏ ಕೊಟ್ರಪ್ಪ, ಹಿಂದ ಸರಿಯೋ ಮಾರಾಯಾ! ದಂಡ ಹಾಕಾಕ ಬಂದ್ಲು!" ಹಿಂದಿನ ಬೈಕಿನಿಂದ ಉಡಚಪ್ಪ ಕೂಗಿದ. ಎರಡೂ ಬದಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ದಿನಾ ಇದೇ ದಾರಿಯಲ್ಲಿ ಬರುವವನು.

"ಯಪ್ಪಾ, ಹೊತ್ತಾತು," ಎಂದಳು ಮಮತಾ.

"ಕೆಂಪು ಇದ್ರ ಇರವಲ್ದ್ಯಾಕ, ನುಗ್ಗಸು!" ಎಂದ ಉಡಚಪ್ಪ.

ಕೊಟ್ರಪ್ಪ ಗಾಡಿ ಚಾಲೂ ಮಾಡಿ ಮುಂದೆ ಬಿಟ್ಟೇಬಿಟ್ಟ. ಗಾಡಿ ನೆರಳು ದಾಟುವ ಮೊದಲೇ ದುರ್ಗಾ ಅಡ್ಡ ಬಂದು ನಿಂತಳು. ಅವಳ ಬೆನ್ನ ಹಿಂದೆ ಬೆಟಗೇರಿ ಕಡೆಯ ಬಸ್ಸೊಂದು ದಡದಡನೆ ದಾಟಿ ಹೋಯಿತು.

"ಎಲ್ಲಿಗಿ ನುಗ್ಗಸ್ತೀರಿ ಕಾಕಾ? ಮಗಳನ್ನ ಮೈದಾನಕ್ಕ ಒಯ್ಯೂದೈತೋ, ದವಾಖಾನಿಗೋ?"

"ಯವ್ವಾ ದುರ್ಗಾ, ನೀ ನಮ್ಮ ಓಣಿ ಸೊಸಿ. ಖರೆ ಹೇಳು, ಇದಕ್ಕ ನಮ್ಮ ಮ್ಯಾಲ ಏನ್ ಸಿಟ್ಟೈತಿ? ಬೆಟಗೇರಿಯವರು ಹೋಳಿಗಿ ಉಣಿಸ್ಯಾರೇನು ಇದಕ್ಕ?"

"ಸಿಟ್ಟಿಲ್ಲರಿ. ನೀವು ಅದರ ಕಣ್ಣಿಗೆ ಬಿದ್ದೇ ಇಲ್ಲ."

"ಇಪ್ಪತ್ತು ಗಾಡಿ ನಿಂತಾವ! ಕುರುಡೈತೇನು?"

ದುರ್ಗಾ ಕಂಬದ ಮೇಲಿನ ಕ್ಯಾಮೆರಾ ತೋರಿಸಿದಳು. "ಹಳೀ ಸಿಗ್ನಲ್ ಗಡಿಯಾರ ಇದ್ದಂಗ. ಗಾಡಿ ಇರ್ಲಿ, ಬಿಡ್ಲಿ, ನಾಕೂ ಕಡಿಗೆ ಅಷ್ಟಷ್ಟ ಹೊತ್ತು ಹಂಚತಿತ್ತು. ಇದು ಹಂಗಲ್ಲ. ಎಲ್ಲಿ ಎಷ್ಟು ಗಾಡಿ ನಿಂತಾವ ನೋಡಿ ಆಗಿಂದಾಗ ಹೊತ್ತು ಹೆಚ್ಚು ಕಡಿಮಿ ಮಾಡ್ತೈತಿ. ಆದ್ರ ಎಣಿಸೂದು ಬಿಳಿ ಗೆರಿಯಿಂದ. ಗೆರಿ ಹಿಂದ ಖಾಲಿ ಕಂಡ್ರ, ಈ ಕಡೆ ಯಾರೂ ಇಲ್ಲಂತ ನಿಮ್ಮ ಪಾಳಿ ದಾಟಿಸಿ ಬಿಡ್ತೈತಿ. ಐದು ನಿಮಿಷಕ್ಕೊಮ್ಮೆ, ಯಾರರ ಇದ್ದಾರು ಅಂತ ಒಂದೀಟು ಹಸಿರು ಕೊಡ್ತೈತಿ, ಅಷ್ಟ."

"ಮಷೀನಿಗೆ ಅಷ್ಟೆಲ್ಲಾ ಬುದ್ಧಿ ಎಲ್ಲಿಂದ ಬಂತವ್ವಾ?"

ಮಮತಾ ತಡೆಯಲಾರದೆ ಹೊರಗೆ ತಲೆ ಹಾಕಿದಳು. "ಯಪ್ಪಾ, ಪಂಗ್ತಿ ಊಟದಾಗ ಎಲಿ ಮುಂದ ಕುಂತವರಿಗೆ ನೀಡ್ತಾರೋ, ದೂರ ಕಟ್ಟಿ ಮ್ಯಾಲ ಗಾಳಿ ತಗೊಳ್ಳಾವರಿಗೆ ನೀಡ್ತಾರೋ?"

ಕೊಟ್ರಪ್ಪ ಖಾಲಿ ಬಿದ್ದ ಬಿಳಿ ಗೆರೆಯ ಕಡೆ ನೋಡಿದ. ಉಡಚಪ್ಪ ಮಾತ್ರ ಬಿಡಲಿಲ್ಲ. "ಎಂಟು ದಿನದಿಂದ ಯಾಕ ಹೇಳಲಿಲ್ಲಬೇ?"

"ಎಂಟು ದಿನಾ ಸೀಟಿ ಊದಿ ಕರದೀನಿ! ನಾ ಒಂದ ಹೆಜ್ಜಿ ಮುಂದ ಬಂದ್ರ ನೀವು ನಾಕ ಹೆಜ್ಜಿ ಹಿಂದ ಓಡಿದ್ರಿ. ಕಿಸೆದಾಗ ಲೈಸೆನ್ಸ್ ಇಲ್ಲೇನ್ ಮತ್ತ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಉಡಚಪ್ಪ ಕ್ಯಾನಿನ ಮುಚ್ಚಳ ಬಿಗಿ ಮಾಡಿದ.

ಒಂಬತ್ತು ಐವತ್ತೆರಡು. ಕೊಟ್ರಪ್ಪ ಟಂಟಂ ಬಿಸಿಲಿಗೆ ತಂದ. ಅವಸರದಲ್ಲಿ ಮುಂದಿನ ಗಾಲಿ ಗೆರೆ ದಾಟಿತು.

"ಹಿಂದಕ್ಕ ತಗೋರಿ! ಗೆರಿ ದಾಟಿದ್ರೂ ಕಾಣಂಗಿಲ್ಲ!"

ಹಿಂದೆ ತೆಗೆದ. ಅವನ ಬಗಲಿಗೆ ಉಡಚಪ್ಪ ಬಂದ, "ಹಾಲು ಒಡದ್ರ ನೀನ ಕುಡಿಬೇಕ ನೋಡು," ಎಂದು ಗೊಣಗುತ್ತ. ಅವನ ಹಿಂದೆ ಸ್ಕೂಟರ್, ಆಟೋ, ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರ್. ನೆರಳು ಖಾಲಿಯಾಯಿತು, ಗೆರೆಯಿಂದ ಸಾಲು ಬೆಳೆಯಿತು. ಎಲ್ಲರ ಕಣ್ಣೂ ಕಂಬದ ಮೇಲೆ. ಬೆಟಗೇರಿ ಕಡೆ ಹಸಿರು ಆರಿತು. ಮಮತಾ ಅಪ್ಪನ ಭುಜ ಹಿಡಿದಳು.

ಹಸಿರು!

"ಬಿತ್ತು ನೋಡ್ಲೇ!" ಉಡಚಪ್ಪನ ಕೂಗು ಹಾರ್ನುಗಳನ್ನು ಮೀರಿಸಿತು. ಟಂಟಂ ಹಾರಿತು. ಮಮತಾ ಹಿಂದೆ ತಿರುಗಿ ಎಣಿಸುತ್ತಿದ್ದಳು. ಐದು, ಹತ್ತು, ಹದಿನೈದು... ಟ್ರ್ಯಾಕ್ಟರ್ ಕೂಡ ದಾಟಿತು. "ಯಪ್ಪಾ, ಇನ್ನೂ ಹಸಿರ ಐತಿ!"

ಹತ್ತಕ್ಕೆ ಒಂದು ನಿಮಿಷವಿದ್ದಾಗ ಅವಳ ಹೆಸರು ಪಟ್ಟಿಯಲ್ಲಿ ಬಿತ್ತು. ತಂಡಕ್ಕೆ ಆಯ್ಕೆಯಾಗುವುದು ಅವಳ ಕಾಲಿನ ಕೆಲಸ, ಅದನ್ನು ಯಾವ ಸಿಗ್ನಲ್ಲೂ ಮಾಡಿಕೊಡುವುದಿಲ್ಲ. ಸ್ಪರ್ಧೆಯ ಸಾಲಿನಲ್ಲಿ ನಿಲ್ಲುವ ಅವಕಾಶ ಅವಳಿಗೆ ಸಿಕ್ಕಿತು. ಕೊಟ್ರಪ್ಪನಿಗೆ ಬೇಕಾಗಿದ್ದುದು ಅದೇ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಊರಿಗೂ ಇಂಥ ಸಿಗ್ನಲ್ ಬರಬಹುದು. ಅದು ನಿಮ್ಮನ್ನು ನೋಡಿ ಹೊತ್ತು ಕೊಡುತ್ತದೆ, ಆದ್ದರಿಂದ ಅದಕ್ಕೆ ಕಾಣುವಂತೆ ನಿಲ್ಲಿ. ಗೆರೆಯ ಹಿಂದೆ ನಿಲ್ಲಿ, ಗೆರೆಯ ಹತ್ತಿರವೇ ನಿಲ್ಲಿ. ಕ್ಯಾಮೆರಾಕ್ಕೆ ಅಡ್ಡವಾಗಿ ಹುಟ್ಟುಹಬ್ಬದ ಬ್ಯಾನರ್ ಕಟ್ಟಬೇಡಿ, ಅಲ್ಲಿ ನಿಮ್ಮ ನಾಯಕರ ಮುಖ ನೋಡಿ ಯಾವ ದೀಪವೂ ಹಸಿರಾಗುವುದಿಲ್ಲ. ಕೆಂಪು ಇದ್ದಾಗ ನುಗ್ಗಲೇಬೇಡಿ, ಆಚೆಯಿಂದ ಬರುವ ಬಸ್ಸಿಗೆ ನಿಮ್ಮ ಅವಸರ ಗೊತ್ತಿರುವುದಿಲ್ಲ. ತಲೆ ಸುಡುತ್ತದೆಯೇ? ಒಂದು ನಿಮಿಷ ತಡೆದುಕೊಳ್ಳಿ. ನೆರಳು ಬಿಟ್ಟು ಗೆರೆಗೆ ಬನ್ನಿ, ನಿಮ್ಮ ಹಿಂದಿನವರನ್ನೂ ಕರೆಯಿರಿ!